ಕೋರ್ಟಿಗಾಗಿ ಗುಡಿಸಿದ ದಾರಿ

ಒಂದು ಕಡೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಕೋರ್ಟು ಹಾಲಿನಲ್ಲಿ ನನ್ನ ಕೇಸಿನ ಸರದಿ ಬರುವಷ್ಟರಲ್ಲಿ ಹತ್ತಾರು ಸಲ ಹೊರಗೆ ಹೋಗಿ ಬಂದಿರುತ್ತೇನೆ. ಬೇಡದಿದ್ದರೂ ಟೀ ಕುಡಿಯುತ್ತೇನೆ, ನೋಟೀಸ್ ಬೋರ್ಡಿನಲ್ಲಿ ಓದಿದ್ದನ್ನೇ ಮತ್ತೆ ಓದುತ್ತೇನೆ. ಕೆ.ಆರ್. ಪೇಟೆಯಲ್ಲಿ ವಕೀಲಿಕೆ ಶುರು ಮಾಡಿದ ದಿನಗಳಲ್ಲಿ ನನ್ನ ಸೀನಿಯರ್ ಇದನ್ನು ನೋಡಿ ನೋಡಿ, ಸಮನ್ಸು ಹಿಡಿದು ಊರೂರು ಸುತ್ತುವ ಅಮೀನನ ಕೆಲಸ ನಿನಗೆ ಸರಿಯಾಗಿತ್ತು, ತಪ್ಪಿ ಇಲ್ಲಿಗೆ ಬಂದೆ ಎಂದು ರೇಗಿಸುತ್ತಿದ್ದರು. ನನಗೆ ಬೇಜಾರೇನೂ ಆಗುತ್ತಿರಲಿಲ್ಲ, ಅದು ನಿಜವೇ ಆಗಿತ್ತು.

ಅಂಥವಳಿಗೆ ತಕ್ಕ ಹಾಗೆ ಮೇಲಿನ ಕೋರ್ಟೂ ಸುತ್ತುವಂಥದ್ದೇ ಸಿಕ್ಕಿತು. ಕೆಳಗಿನ ಕೋರ್ಟಿನಲ್ಲಿ ಸೋತವರು ನಮ್ಮ ಕಡೆ ಅಪೀಲು ಹೋಗುವುದು ಜಿಲ್ಲಾ ಮಟ್ಟದ ನ್ಯಾಯಾಧೀಶರ ಮುಂದೆ. ನಾನು ಹೇಳುತ್ತಿರುವ ಸಮಯದಲ್ಲಿ ಅವರು ಶ್ರೀರಂಗಪಟ್ಟಣದಲ್ಲಿ ಕೂರುತ್ತಿದ್ದರು, ಗೊತ್ತು ಮಾಡಿದ ದಿನಗಳಲ್ಲಿ ಕಾರಿನಲ್ಲಿ ಫೈಲಿನ ಕಟ್ಟುಗಳ ಸಮೇತ ನಮ್ಮೂರಿಗೆ ಬಂದು ಕಲಾಪ ನಡೆಸುತ್ತಿದ್ದರು. ಸಂಚಾರಿ ಕೋರ್ಟು ಎಂದು ನಾವು ಕರೆಯುವುದು ಅದನ್ನೇ. ಅವರು ಬಾರದ ವಾರ ನಾವೇ ಅವರಿದ್ದಲ್ಲಿಗೆ ಹೋಗಬೇಕು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಈ ದಿನ ಕೋರ್ಟು ಎಲ್ಲಿ ಎಂದು ಫೋನು ಮಾಡಿ ಕೇಳುವುದು ನನಗೆ ಅಭ್ಯಾಸವಾಗಿ ಹೋಗಿತ್ತು.

ಶನಿವಾರಗಳಲ್ಲಿ ಒಂದು ಲಾ ಕಾಲೇಜಿಗೆ ಪಾಠ ಹೇಳಲು ಹೋಗುತ್ತೇನೆ. ಆ ವರ್ಷ ನಾಗಮಂಗಲ ಕಡೆಯ ಒಬ್ಬ ವಿದ್ಯಾರ್ಥಿನಿ, ಅಮೆರಿಕದಲ್ಲಿ ಸರ್ಕ್ಯೂಟ್ ಕೋರ್ಟು ಅಂತಾರಲ್ಲ, ಅದೂ ನಮ್ಮ ಸಂಚಾರಿ ಕೋರ್ಟೂ ಒಂದೇನಾ ಎಂದು ಕೇಳಿದಳು. ನಾನು ಓಡಾಡುತ್ತಲೇ ಪಾಠ ಮಾಡುವವಳು, ಓಡಾಡುತ್ತಲೇ ಹೇಳಿದೆ. ಮೊದಲು ಅಲ್ಲಿಯ ನ್ಯಾಯಾಧೀಶರು, ಸುಪ್ರೀಂ ಕೋರ್ಟಿನವರೂ ಸೇರಿದಂತೆ, ಕುದುರೆ ಮೇಲೆ, ಗಾಡಿಯಲ್ಲಿ ಊರಿಂದ ಊರಿಗೆ ಸುತ್ತು ಹಾಕಿ ನ್ಯಾಯ ಹೇಳುತ್ತಿದ್ದರು. ಆ ಸುತ್ತೇ ಸರ್ಕ್ಯೂಟು. ಈಗ ಸುತ್ತುವುದು ಬಹುಮಟ್ಟಿಗೆ ನಿಂತಿದೆ, ಹೆಸರು ಉಳಿದಿದೆ. ಕೆಲವು ರಾಜ್ಯಗಳಲ್ಲಿ ಸಾಕ್ಷಿ ವಿಚಾರಣೆ ನಡೆಸುವ ಮೊದಲ ಕೋರ್ಟಿಗೇ ಆ ಹೆಸರು. ಒಕ್ಕೂಟದ ಮಟ್ಟದಲ್ಲಿ ಹಾಗಲ್ಲ. ಅಲ್ಲಿ ದೇಶವನ್ನು ಸರ್ಕ್ಯೂಟುಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಅಪೀಲು ಕೋರ್ಟು ಮಾಡಿದ್ದಾರೆ. ಸಾಮಾನ್ಯವಾಗಿ ಮೂವರು ಕೂತು, ಕೆಳಗಿನಿಂದ ಬಂದ ದಾಖಲೆ ಓದಿ, ವಕೀಲರ ವಾದ ಕೇಳಿ, ಕೆಳಗಿನವರು ಕಾನೂನು ಸರಿಯಾಗಿ ಹಿಡಿದರೋ ಇಲ್ಲವೋ ನೋಡುತ್ತಾರೆ. ಹೊಸದಾಗಿ ಸಾಕ್ಷಿ ಕರೆಸುವುದಿಲ್ಲ. ಅವರು ಹೇಳಿದ್ದನ್ನು ಆ ಸರ್ಕ್ಯೂಟಿನ ಒಳಗಿನ ಕೆಳ ಕೋರ್ಟುಗಳು ಒಪ್ಪಲೇಬೇಕು. ಅವರ ಮೇಲೆ ಸುಪ್ರೀಂ ಕೋರ್ಟು ಇದೆಯಾದರೂ ಅದು ಕೈಗೆತ್ತಿಕೊಳ್ಳುವ ಕೇಸು ಕಡಿಮೆ, ಹಾಗಾಗಿ ಬಹಳ ಜನಕ್ಕೆ ಸರ್ಕ್ಯೂಟಿನ ಮಾತೇ ಕೊನೆಯ ಮಾತು.

ಆ ಹುಡುಗಿ ಅದನ್ನೆಲ್ಲ ಬರೆದುಕೊಂಡು, ಹಾಗಾದರೆ ಮೇಲೆ ಕೂತವರು ಯಾರೂ ಜಾಗ ನೋಡುವುದೇ ಇಲ್ಲವಾ ಮೇಡಂ ಎಂದಳು. ದಾಖಲೆ ಸರಿಯಾಗಿದ್ದರೆ ನೋಡುವ ಅಗತ್ಯವಿಲ್ಲ ಎಂದು ಹೇಳಿ ಕ್ಲಾಸು ಮುಗಿಸಿಬಿಟ್ಟೆ. ಹೇಳಿದೆನೇ ಹೊರತು ಬಸ್ಸಿನಲ್ಲಿ ಕೂತ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ನನ್ನ ಬ್ಯಾಗಿನಲ್ಲಿ ಆಗ ಒಬ್ಬ ಅಜ್ಜಿಯ ಅಪೀಲಿನ ಫೈಲಿತ್ತು, ಅದರಲ್ಲಿ ದಾಖಲೆ ಒಂದೂ ಸರಿಯಾಗಿರಲಿಲ್ಲ.

ಅಜ್ಜಿ ಬೂಕನಕೆರೆ ಕಡೆಯ ಒಂದು ಸಣ್ಣ ಊರಿನವಳು. ಗಂಡ ತೀರಿಕೊಂಡಿದ್ದ, ಮಗಳನ್ನು ನಾಗಮಂಗಲಕ್ಕೆ ಕೊಟ್ಟಿದ್ದಳು. ಊರ ರಸ್ತೆಗೆ ಅಂಟಿಕೊಂಡಂತೆ ಮೈದುನನ ಕಬ್ಬಿನ ಗದ್ದೆ, ಅದರ ಹಿಂದೆ ಇವಳ ಪಾಲಿನ ಜಮೀನು. ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾದಾಗಿನಿಂದ ಮೈದುನನ ಗದ್ದೆಯ ನಡುವೆ ಒಂದು ಗಾಡಿದಾರಿ ಇತ್ತು. ಗಂಡ ಹೋದ ಮೇಲೆ ಅಜ್ಜಿ ಜಮೀನನ್ನು, ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ವಾರಕ್ಕೆ ಕೊಟ್ಟಳು, ಅದೂ ಮೈದುನನಿಗೆ ಕೊಡದೆ ಪಕ್ಕದೂರಿನವನಿಗೆ. ಅವಳದೂ ಕಡಿಮೆ ಹಟವಲ್ಲ. ಮೈದುನ ಒಂದು ಮಾತೂ ಆಡದೆ ಜಾಲಿ ಮುಳ್ಳು ಕಡಿದು ತಂದು ದಾರಿಯ ಬಾಯಿಗೆ ಒಟ್ಟಿಬಿಟ್ಟ. ಇನ್ನು ಅವಳು ಜಮೀನಿಗೆ ಹೋಗಬೇಕಾದರೆ ಕಾಲುವೆ ಏರಿ ಮೇಲೆ ಸುತ್ತಿಕೊಂಡು ಹೋಗಬೇಕು.

ಬೆಳೆ ಸಾಗಿಸುವುದಕ್ಕೆ ದಾರಿ ಕೇಳುತ್ತಿದ್ದಾಳೆ ಎಂದು ಮೊದಮೊದಲು ನಾನೂ ಅಂದುಕೊಂಡಿದ್ದೆ. ಬೆಳೆಯನ್ನು ವಾರದವನು ಏನೋ ಮಾಡಿ ಆ ಕಡೆಯ ಊರಿಗೆ ದಾಟಿಸುತ್ತಿದ್ದ. ಹಾಗಿದ್ದ ಮೇಲೆ ಈ ವಯಸ್ಸಿನಲ್ಲಿ ಕೋರ್ಟು ಯಾಕೆ ಎಂದು ಒಂದು ದಿನ ಕೇಳಿಯೂ ಬಿಟ್ಟೆ. ಆಗ ಅವಳು ಹೇಳಿದ್ದು ಈಗಲೂ ಕಿವಿಯಲ್ಲಿದೆ.

“ನಮ್ಮೆಜಮಾನ್ರುನ್ನ ಮಣ್ಮಾಡಿರದು ಆ ಜಮೀನ್ನಾಗೆ ಕಣವ್ವ. ನನ್ನೂ ಅಲ್ಲೇ, ಅವ್ರ ಪಕ್ಕದಾಗೇ ಮಡಗ್ಬೇಕು. ಕಾಲ್ವೆ ಏರಿ ಮ್ಯಾಲೆ ಚಟ್ಟ ಓಗಾಕಿಲ್ಲ. ಜೀವ ಇರೋಗಂಟ ಸುತ್ಕಂಡು ಓಯ್ತೀನಿ, ಎಣ ಎಂಗವ್ವ ಸುತ್ಕಂಡು ಓದಾತು?”

ಆಮೇಲೆ ಆ ಫೈಲು ಮುಟ್ಟಿದಾಗಲೆಲ್ಲ ನನಗೆ ಅವಸರ. ಅಜ್ಜಿ ಒಂದು ಸಲ ಕೆಮ್ಮಿದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು.

ಕೆಳಗಿನ ಕೋರ್ಟಿನಲ್ಲಿ ನಾವು ಸೋತಿದ್ದೆವು. ಊರ ನಕ್ಷೆಯಲ್ಲಿ ಆ ದಾರಿ ಇರಲಿಲ್ಲ. ಊರವರನ್ನು ಸಾಕ್ಷಿಗೆ ಕರೆದರೆ ಎಲ್ಲರಿಗೂ ಆ ದಿನವೇ ಕೆಲಸ, ಆ ದಿನವೇ ಜ್ವರ. ಎರಡು ಮನೆಯ ಮದುವೆಯ ಊಟವೂ ಬೇಕಾದವರು ಯಾಕೆ ಒಂದು ಮನೆಯನ್ನು ಕಳೆದುಕೊಳ್ಳುತ್ತಾರೆ ಹೇಳಿ. ಇನ್ನು ಮೈದುನ, ನಿಮ್ಮಣ್ಣನ ಹೆಣವನ್ನು ಯಾವ ದಾರಿಯಲ್ಲಿ ತಂದಿರಿ ಎಂದು ನಾನು ಕೇಳಿದಾಗ ತಲೆ ತಗ್ಗಿಸಿಕೊಂಡು ಕಾಲುವೆ ಏರಿ ಮೇಲೆ ಎಂದ. ಚಟ್ಟ ಹೋದದ್ದು ಆ ಗಾಡಿದಾರಿಯಲ್ಲೇ, ಅವನ ಹೆಗಲೇ ಅದಕ್ಕೆ ಮುಂದಾಗಿತ್ತು ಎಂದು ಅಜ್ಜಿ ನನಗೆ ಮೊದಲೇ ಹೇಳಿದ್ದಳು. ಅವನು ಹೇಳಿದ್ದೇ ದಾಖಲಾಯಿತು, ಪ್ರತ್ಯೇಕ ದಾರಿ ಇದ್ದದ್ದು ರುಜುವಾಗಿಲ್ಲ ಎಂದು ತೀರ್ಪಾಯಿತು. ಆ ಸಾಯಂಕಾಲ ನನಗೆ ಅವನನ್ನು ಹಿಡಿದು ಜಾಡಿಸಬೇಕು ಅನ್ನಿಸಿದ್ದು ನಿಜ.

ಆದರೆ ಅವನನ್ನು ಬರೀ ಕೆಟ್ಟವನು ಎಂದು ಒತ್ತಟ್ಟಿಗೆ ತಳ್ಳುವುದಕ್ಕೂ ನನಗೆ ಆಗುತ್ತಿರಲಿಲ್ಲ. ಅಪೀಲು ಹಾಕಿದ ಮೇಲೆ ಒಮ್ಮೆ ಕೋರ್ಟು ಇಲ್ಲಿಗೆ ಬಾರದೆ, ನಾವೇ ಶ್ರೀರಂಗಪಟ್ಟಣಕ್ಕೆ ಹೊರಟೆವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿತ್ತು, ಕಾಲಿಡಲು ಜಾಗವಿರಲಿಲ್ಲ. ಅದೇ ಬಸ್ಸಿನಲ್ಲಿ ಮೈದುನನೂ ಇದ್ದ. ಅಜ್ಜಿ ಕಂಬಿ ಹಿಡಿದು ತೂಗಾಡುವುದನ್ನು ನೋಡಿದವನೇ ಎದ್ದು, ಅವಳ ಮುಖ ನೋಡದೆ ಹೋಗಿ ಬಾಗಿಲ ಹತ್ತಿರ ನಿಂತ. ಅಜ್ಜಿಯೂ ಅವನ ಮುಖ ನೋಡದೆ ಆ ಸೀಟಿನಲ್ಲಿ ಕೂತಳು. ಪಾಂಡವಪುರ ದಾಟಿ ಶ್ರೀರಂಗಪಟ್ಟಣದಲ್ಲಿ ಇಳಿದವರೇ ಇಬ್ಬರೂ ಎದುರುಬದುರು ವಕೀಲರ ಹಿಂದೆ ಹೋಗಿ ನಿಂತರು.

ಆ ದಿನ ನಾನು, ನ್ಯಾಯಾಲಯ ಖುದ್ದಾಗಿ ಸ್ಥಳ ನೋಡಬೇಕು ಎಂದು ಅರ್ಜಿ ಹಾಕಿದೆ. ಆ ವಿದ್ಯಾರ್ಥಿನಿಯ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತಲ್ಲ, ಅದೇ ಹಾಕಿಸಿತೋ ಏನೋ. ಎದುರು ವಕೀಲರು ಸಿಡಿದೆದ್ದರು. ಅಪೀಲಿನ ಹಂತದಲ್ಲಿ ದಾಖಲೆ ನೋಡಿ ತೀರ್ಮಾನಿಸಬೇಕೇ ಹೊರತು ಕೋರ್ಟು ಗದ್ದೆ ಸುತ್ತುವುದಲ್ಲ ಎಂದರು. ನಾನು ಕಾಲೇಜಿನಲ್ಲಿ ಹೇಳಿದ್ದ ಪಾಠವನ್ನೇ ಅವರು ನನಗೆ ಒಪ್ಪಿಸುತ್ತಿದ್ದರು. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ ಎಂದು ನಾನು ತೋರಿಸಿದೆ. ನ್ಯಾಯಾಧೀಶರು ಇಬ್ಬರ ಮಾತನ್ನೂ ಕೇಳಿ, ಮುಂದಿನ ಸಲ ಕೆ.ಆರ್. ಪೇಟೆಗೆ ಹೋಗುವಾಗ ಬೂಕನಕೆರೆ ಹತ್ತಿರವೇ ಹಾಯುತ್ತೇನೆ, ಇಳಿದು ನೋಡಿಯೇ ಹೋಗುತ್ತೇನೆ, ಎರಡೂ ಕಡೆಯವರು ಅಲ್ಲಿರಿ ಎಂದರು. ಸುತ್ತುವ ಕೋರ್ಟಿನ ಗುಣ ಇದು ನೋಡಿ, ದಾರಿಯಲ್ಲಿ ಇಳಿಯಬಹುದು.

ಆ ದಿನ ಬರುವವರೆಗೆ ನನಗೆ ಅನ್ನ ರುಚಿಸಲಿಲ್ಲ. ನನ್ನ ಕೈಯಲ್ಲಿದ್ದ ಸಾಕ್ಷಿ ಎಂದರೆ ಆ ಮುಳ್ಳಿನ ರಾಶಿಯೊಂದೇ. ದಾರಿಯೇ ಇಲ್ಲದಿದ್ದರೆ ದಾರಿಯಷ್ಟಗಲಕ್ಕೆ ಮುಳ್ಳು ಯಾಕೆ ಒಟ್ಟಿದ ಎಂದು ಕೇಳುವುದು ನನ್ನ ಲೆಕ್ಕಾಚಾರ. ಅಷ್ಟನ್ನು ನ್ಯಾಯಾಧೀಶರು ಕಣ್ಣಲ್ಲಿ ನೋಡಿದರೆ ಸಾಕಿತ್ತು. ಮುಳ್ಳು ಇದೆಯೇನಜ್ಜಿ ಎಂದು ದಿನಾ ಫೋನು ಮಾಡುತ್ತಿದ್ದೆ. ಅದೆಲ್ಲಿಗವ್ವ ಓದಾತು ಎಂದು ಅವಳು ನಗುತ್ತಿದ್ದಳು.

ಆ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಹೋದೆ. ಸ್ಕೂಟರ್ ನಿಲ್ಲಿಸಿ ನೋಡಿದರೆ ಮುಳ್ಳಿಲ್ಲ. ಒಂದು ಕಡ್ಡಿಯೂ ಇಲ್ಲ. ದಾರಿಯ ಬಾಯಿಂದ ಒಳಗೆ ಕಣ್ಣು ಹೋಗುವಷ್ಟು ದೂರ ಹುಲ್ಲು ಸವರಿ, ಗುಡಿಸಿ, ನೀರು ಚಿಮುಕಿಸಿದ್ದಾರೆ. ರಸ್ತೆಗೆ ಸೇರುವಲ್ಲಿ ಸಗಣಿ ಸಾರಿಸಿ ರಂಗೋಲಿ ಬೇರೆ ಬಿಟ್ಟಿದ್ದಾರೆ. ಮೈದುನ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಬಿಳಿ ಟವೆಲು ಹಾಕಿಕೊಂಡು, ಪಕ್ಕದಲ್ಲಿ ಎಳನೀರಿನ ಗೊನೆ ಇಟ್ಟುಕೊಂಡು ನಿಂತಿದ್ದಾನೆ.

ನನಗೆ ಮೈಯೆಲ್ಲ ಉರಿಯಿತು. ಎಂಥ ಆಟ ಕಟ್ಟಿದ್ದಾನೆ ಎನ್ನಿಸಿತು. ಅಡ್ಡಿಯೇ ಇಲ್ಲದ ಮೇಲೆ ಕೇಸೇ ಇಲ್ಲ, ನೋಡಿ ಸ್ವಾಮಿ ಎಲ್ಲ ಬಯಲು ಎಂದು ಎದುರು ವಕೀಲರು ಹೇಳುತ್ತಾರೆ, ಕೋರ್ಟಿನ ಕಾರು ಹೋದ ಮೇಲೆ ಮುಳ್ಳು ಮತ್ತೆ ಬಂದು ಕೂರುತ್ತದೆ. ಅಜ್ಜಿ ಅಷ್ಟು ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಯಾವಾಗ ತೆಗೆದ ಎಂದು ಕೇಳಿದರೆ, ರಾತ್ರಿಯೆಲ್ಲ ಗಂಡ ಹೆಂಡತಿ ಇದೇ ಮಾಡುತ್ತಿದ್ದರು ಎಂದು ಊರ ಸುದ್ದಿಯ ಹಾಗೆ ಹೇಳಿದಳು. ನಾನು ಆ ರಸ್ತೆಯಲ್ಲಿ ಆ ಕಡೆ ಈ ಕಡೆ ಎಷ್ಟು ಸಲ ಓಡಾಡಿದೆನೋ.

ಎದುರು ವಕೀಲರು ಬಂದಾಗ ನೋಡಿದ್ದು ಇನ್ನೊಂದು ತಮಾಷೆ. ಅವರು ರಂಗೋಲಿಯನ್ನೂ ದಾರಿಯನ್ನೂ ನೋಡಿ ಬಿಳಿಚಿಕೊಂಡರು. ಕಕ್ಷಿದಾರನನ್ನು ಬೇವಿನ ಮರದ ಮರೆಗೆ ಎಳೆದುಕೊಂಡು ಹೋಗಿ ಬೈಯತೊಡಗಿದರು. ಆಗ ನನಗೆ ಹೊಳೆಯಿತು, ಇದು ಆಟವಲ್ಲ, ವಕೀಲರನ್ನು ಕೇಳದೆ ಅವನೇ ಮಾಡಿಕೊಂಡದ್ದು. ಬೈದು ಮುಗಿಸುವಷ್ಟರಲ್ಲಿ ನ್ಯಾಯಾಧೀಶರ ಕಾರು ಬಂದು ನಿಂತಿತು.

ಅವರು ಮೊದಲು ಕಾಲುವೆಯ ಏರಿಯನ್ನು ತೋರಿಸಿ ಎಂದರು. ಏರಿಯ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಒಂದು ಕಡೆ ನೀರು, ಒಂದು ಕಡೆ ಕುಸಿದ ಮಣ್ಣು. ಸ್ವಲ್ಪ ದೂರ ಹೋಗಿ ಅವರು ಹಿಂತಿರುಗಿದರು. ಆಮೇಲೆ ಗುಡಿಸಿದ ದಾರಿಯಲ್ಲಿ ನಡೆದರು, ನಾವೆಲ್ಲ ಹಿಂದೆ ನಡೆದೆವು. ಕಬ್ಬಿನ ನಡುವೆ ದಾರಿ ನೇರ ಹೋಗಿ ಅಜ್ಜಿಯ ಜಮೀನಿನ ತೆಂಗಿನ ಮರಗಳ ಹತ್ತಿರ ನಿಂತಿತು. ಗಂಡನ ಸಮಾಧಿಯ ಕಲ್ಲು ಅಲ್ಲೇ ಇತ್ತು, ಅಜ್ಜಿ ಹೋಗಿ ಅದರ ಮೇಲಿನ ಒಣಗರಿ ತೆಗೆದಳು. ಮೈದುನ ಎಳನೀರು ಕೆತ್ತಿ ನ್ಯಾಯಾಧೀಶರ ಮುಂದೆ ಹಿಡಿದ. ಕೇಸು ನಡೆಯುತ್ತಿರುವಾಗ ನಾನು ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳುವ ಹಾಗಿಲ್ಲ ಎಂದು ಅವರು ಸಮಾಧಾನವಾಗಿಯೇ ಹೇಳಿದರು. ಅವನ ಮುಖ ಬಾಡಿಹೋಯಿತು. ಮನೆ ಹತ್ತಿರ ಬಂದವರು ನೀರೂ ಮುಟ್ಟದೆ ಹೋದರೆ ಹೇಗೆ ಎನ್ನುವ ಸಂಕಟ ಅವನದು.

ಎದುರು ವಕೀಲರು, ಈ ದಿನ ಗುಡಿಸಿದ ಮಾತ್ರಕ್ಕೆ ಹಿಂದೆ ದಾರಿ ಇತ್ತು ಎಂದಾಗುವುದಿಲ್ಲ ಎಂದು ಅವಸರದಲ್ಲಿ ಶುರು ಮಾಡಿದರು. ಅದು ಸರಿಯಾದ ಮಾತೇ. ನ್ಯಾಯಾಧೀಶರು ಅವರನ್ನು ಕೈಯಲ್ಲೇ ತಡೆದು ಮೈದುನನ ಕಡೆ ತಿರುಗಿ, ಇದನ್ನು ಯಾಕೆ ಗುಡಿಸಿದಿರಿ ಎಂದು ಕೇಳಿದರು. ಅವನು ವಕೀಲರ ಮುಖ ನೋಡಿದ. ಅವರು ಕಣ್ಣಲ್ಲೇ ಏನೋ ಹೇಳುತ್ತಿದ್ದರು. ಆದರೆ ಕೇಳಿದವರು ದೊಡ್ಡವರು, ಕೇಳಿದ್ದು ಅವನೇ ಗುಡಿಸಿದ ದಾರಿಯ ಕೊನೆಯಲ್ಲಿ ನಿಂತು.

“ತಾವು ಬತ್ತೀರಿ ಅಂದ್ರು ಬುದ್ದಿ. ಮುಳ್ನಾಗೆ ನಡೆಸಾಕಾಯ್ತದಾ?”

ಕಾಲುವೆ ಏರಿಯನ್ನು ಯಾಕೆ ಗುಡಿಸಲಿಲ್ಲ ಎಂದು ಅವರು ಮತ್ತೆ ಕೇಳಿದರು.

“ಅದ್ರಾಗ್ ಯಾರ್ ಓಯ್ತಾರೆ ಬುದ್ದಿ? ದಾರಿ ಅಂತ ಇರಾದೇ ಇದೊಂದು.”

ಎದುರು ವಕೀಲರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಗೆದ್ದೆ ಎಂದು ಕುಣಿಯಬೇಕಾದ ನನಗೆ ಅಲ್ಲಿ ನಿಲ್ಲುವುದಕ್ಕೇ ಆಗಲಿಲ್ಲ. ಸುಳ್ಳು ಹೇಳಿ ಉಳಿಸಿಕೊಂಡದ್ದನ್ನು ಆ ಮನುಷ್ಯ ಮರ್ಯಾದೆ ಮಾಡಲು ಹೋಗಿ ಕಳೆದುಕೊಂಡಿದ್ದ, ಕಳೆದುಕೊಂಡದ್ದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ನನಗೆ ಅವನ ಮೇಲೆ ಪ್ರೀತಿಯೇ ಬಂದುಬಿಟ್ಟಿತು, ಹೇಳಿಕೊಳ್ಳುವ ಹಾಗಿರಲಿಲ್ಲ. ನ್ಯಾಯಾಧೀಶರು ಸ್ಟೆನೋವನ್ನು ಕರೆದು ತೆಂಗಿನ ಮರದ ನೆರಳಿನಲ್ಲಿ ನಿಂತೇ ತಾವು ಕಂಡದ್ದು, ಕೇಳಿದ್ದು, ಅವನು ಹೇಳಿದ್ದು ಎಲ್ಲವನ್ನೂ ಬರೆಸಿದರು.

ತೀರ್ಪು ಬರುವ ಮೊದಲೇ ಅವರಿಗೆ ವರ್ಗವಾಯಿತು. ಸುದ್ದಿ ಕೇಳಿದ ದಿನ ನಾನು ಮನೆಯಲ್ಲಿ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡಿದೆ. ಹೊಸದಾಗಿ ಬಂದವರು ಬೂಕನಕೆರೆಯ ಆ ಗದ್ದೆ ಕಂಡವರಲ್ಲ, ಎಳನೀರು ಹಿಡಿದ ಕೈ ಕಂಡವರಲ್ಲ. ಅವರ ಮುಂದೆ ವಾದ ಮೊದಲಿನಿಂದ ಆಗಬೇಕು. ಆ ನಡುವೆ ಅಜ್ಜಿ ನಾಗಮಂಗಲದ ಮಗಳ ಮನೆಯಲ್ಲಿ ಜ್ವರ ಬಂದು ಮಲಗಿದಳು. ನೋಡಲು ಹೋದರೆ ಅವಳು ಕೇಳಿದ್ದು ಒಂದೇ, ಹೊಸ ಸಾಹೇಬರೂ ನೋಡಲು ಬರುತ್ತಾರಾ ಎಂದು. ಬರಲಿಕ್ಕಿಲ್ಲ, ಆದರೆ ಮೊದಲಿನವರು ನೋಡಿದ್ದು ಫೈಲಿನಲ್ಲಿ ಇದೆ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ಆದರೆ ಹೊಸಬರು ಫೈಲು ಓದಿಕೊಂಡೇ ಬಂದಿದ್ದರು. ಮೂರು ಮಾತು ಕೇಳುವಷ್ಟರಲ್ಲಿ ಮೊದಲಿನವರು ಗದ್ದೆಯಲ್ಲಿ ಬರೆಸಿದ್ದ ಟಿಪ್ಪಣಿಯನ್ನು ತೆಗೆದು ಗಟ್ಟಿಯಾಗಿ ಓದಿದರು. ದಾರಿ ಅಂತ ಇರುವುದು ಇದೊಂದೇ ಎಂದು ಪ್ರತಿವಾದಿ ಹೇಳಿದ್ದು ಹೌದೋ ಎಂದು ಕೇಳಿದರು. ಎದುರು ವಕೀಲರು ಅದಕ್ಕೊಂದು ಅರ್ಥ ಹಚ್ಚಲು ಎದ್ದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮೈದುನನೇ ಎದ್ದು ನಿಂತು, ಹೌದು ಬುದ್ದಿ, ನಾನೇ ಅಂದದ್ದು ಎಂದುಬಿಟ್ಟ. ಶನಿವಾರದ ಕ್ಲಾಸಿನಲ್ಲಿ ಆ ಹುಡುಗಿಗೆ ನಾನು ಕೊಟ್ಟ ಉತ್ತರ ಅರ್ಧ ಮಾತ್ರ ಎಂದು ನನಗೆ ಆವಾಗ ತಿಳಿಯಿತು. ಮೇಲೆ ಕೂತವರು ದಾಖಲೆ ಓದಿದರೆ ಸಾಕು, ನಿಜ. ಆದರೆ ಯಾರಾದರೂ ಒಬ್ಬರು ಒಂದು ದಿನ ಕಾರಿನಿಂದ ಇಳಿದು ನಡೆದಿರಬೇಕು. ಮುಂದಿನ ಶನಿವಾರ ಹೋಗಿ ಅದನ್ನೂ ಹೇಳಿದೆ.

ಅಜ್ಜಿಗೆ ದಾರಿ ಸಿಕ್ಕಿತು. ಎಷ್ಟು ಅಗಲ ಎಂದು ಕೂಡ ಆದೇಶದಲ್ಲಿ ಬರೆದಿದ್ದರು. ಹೈಕೋರ್ಟಿಗೆ ಹೋಗೋಣ ಎಂದು ವಕೀಲರು ಹೇಳಿದರೂ ಮೈದುನ ಬೇಡವೆಂದನಂತೆ. ಅಲ್ಲಿಗೂ ತಾನು ಗುಡಿಸಿದ್ದನ್ನು ಬರೆದಿರುವ ಆ ಫೈಲೇ ತಾನೇ ಹೋಗುವುದು ಎಂದನಂತೆ.

ಜ್ವರ ಬಿಟ್ಟು ಊರಿಗೆ ಬಂದ ಮೇಲೆ ಅಜ್ಜಿ ಫೋನು ಮಾಡಿ, ಒಂದು ಸಲ ಬಂದು ನೋಡಿಕೊಂಡು ಹೋಗು ಎಂದಳು. ಹೋದೆ. ದಾರಿಯ ಬಾಯಿಯಲ್ಲಿ ನನ್ನನ್ನು ತನ್ನ ಬಲಕ್ಕೆ ನಿಲ್ಲಿಸಿಕೊಂಡು, ಇಬ್ಬರ ನಡುವೆ ಒಂದು ಚಟ್ಟದಷ್ಟು ಜಾಗ ಬಿಡಿಸಿ, ನಡೆ ಎಂದಳು. ಅವಳು ಅಳೆಯುತ್ತಿರುವುದು ಏನು ಎಂದು ಆಗ ನನಗೆ ಗೊತ್ತಾಯಿತು. ನಾಲ್ಕು ಹೆಜ್ಜೆ ನಡೆದವಳು ನಿಂತಳು. ನಾವಿಬ್ಬರೂ ಹೆಂಗಸರು, ಹೆಗಲು ಸಣ್ಣ, ಲೆಕ್ಕ ಸಿಗುವುದಿಲ್ಲ ಎಂದಳು. ಆಮೇಲೆ ಕಬ್ಬಿನ ಕಡೆ ತಿರುಗಿ, ವರ್ಷಗಳಿಂದ ಮಾತು ಬಿಟ್ಟಿದ್ದ ಮೈದುನನನ್ನು ಕೂಗಿದಳು.

“ಲೇ, ಬಾರ್ಲಾ ಇಲ್ಲಿ.”

ಅವನು ಕಬ್ಬಿನ ಒಳಗಿಂದ ಮಚ್ಚು ಹಿಡಿದುಕೊಂಡೇ ಬಂದ. ನನಗೆ ಒಂದು ಕ್ಷಣ ಜೀವ ಹಾರಿತು. ಅಜ್ಜಿ ಅವನನ್ನು ತಾನು ನಿಂತಿದ್ದ ಜಾಗದಲ್ಲಿ ನಿಲ್ಲಿಸಿ, ತಾನು ನಮ್ಮಿಬ್ಬರ ನಡುವೆ ಬಂದು ನಿಂತಳು.

“ನಾಳೆ ಎಗ್ಲು ಕೊಡಾನು ನೀನೇ ತಾನೇ. ಇಕ್ಕಟ್ಟಾಯ್ತದಾ ನೋಡ್ಲಾ.”

ಅವನು ಅವಳ ಜೊತೆ ಹೆಜ್ಜೆ ಹಾಕಿದ. ಸ್ವಲ್ಪ ದೂರ ಹೋದ ಮೇಲೆ ಒಂದು ಕಡೆ ಅವನ ಹೆಗಲಿಗೆ ಕಬ್ಬಿನ ಗರಿ ತಗುಲಿತು. ನಿಂತು, ಅಜ್ಜಿಯ ಕಡೆ ಒಂದು ಸಲ ನೋಡಿ, ಬಗ್ಗಿ ಆ ಸಾಲಿನ ಕಬ್ಬನ್ನು ಬುಡಕ್ಕೆ ಕಡಿಯತೊಡಗಿದ.